ಬರೀ ಹುಳ ಅಂತ ಬರೆದಿದ್ದೀಯಲ್ಲ, ಅದಕ್ಕೆ

ಪ್ರೀತಿಯ ಪುಟ್ಟಿ,

ನಿನ್ನ ಮೇಲ್ ಓದಿದೆ. ಮನೆ ಸಮಾಚಾರ ನಿಮ್ಮಮ್ಮ ದಿನಾ ಹೇಳುತ್ತಿರುತ್ತಾಳೆ, ಅದೆಲ್ಲ ಇಲ್ಲಿ ಬೇಡ. ಆದರೆ ನಡುವೆ ಒಂದು ಸಾಲು ಬರೆದಿದ್ದೀಯ. ಪಕ್ಕದ ಟೇಬಲ್ಲಿನ ಹುಡುಗಿ ಹಿಮಕರಡಿ ಮೇಲೆ ಸಂಶೋಧನೆ ಮಾಡುತ್ತಾಳೆ, ಬಂದವರೆಲ್ಲ ಅವಳನ್ನೇ ಮಾತಾಡಿಸುತ್ತಾರೆ, ನಂದು ಬರೀ ಹುಳ, ನಾನೂ ಹೀಗೇ ಯಾರ ಕಣ್ಣಿಗೂ ಬೀಳದೆ ಹೋಗುತ್ತೇನೇನೋ ಅಂತ. ಆ ಸಾಲು ನನ್ನ ತಲೆಯಿಂದ ಹೋಗುತ್ತಿಲ್ಲ.

ನಿನ್ನ ಭಯ ಸುಳ್ಳು ಅನ್ನುವುದಿಲ್ಲ. ಗಂಡು ಕರಡಿ ಐನೂರು ಕಿಲೋ ತೂಗುತ್ತದೆ, ಅದನ್ನು ನೋಡದೆ ಯಾರು ಇರುತ್ತಾರೆ? 1973ರಲ್ಲಿ ಐದು ದೇಶಗಳು ಕೂತು ಅದರ ರಕ್ಷಣೆಗೆ ಅಂತಲೇ ಒಪ್ಪಂದ ಮಾಡಿಕೊಂಡವು. ಕೆನಡಾದ ಪಶ್ಚಿಮ ಹಡ್ಸನ್ ಕೊಲ್ಲಿಯಲ್ಲಿ ಮೇಲೆ ಹಾರಾಡಿ ಕರಡಿಗಳ ಲೆಕ್ಕ ಹಾಕುತ್ತಾರೆ. 2016ರಲ್ಲಿ 842 ಇದ್ದಿದ್ದು 2021ಕ್ಕೆ 618 ಆಯಿತು ಅಂದರೆ ಪೇಪರಿನಲ್ಲಿ ಬರುತ್ತದೆ. ಬರಲೇಬೇಕು, ಹೊಟ್ಟೆ ಉರಿಯುವ ವಿಷಯ ಅದು.

ಆದರೆ ನೀನು ಹಿಂದೆ ಕಳಿಸಿದ್ದನ್ನೆಲ್ಲ ಮತ್ತೆ ಓದಿದೆ. ಕರಡಿ ಕೊಬ್ಬು, ಕೂದಲು ಬೆಳೆಸಿಕೊಂಡು ಚಳಿಯನ್ನು ಹೊರಗೇ ನಿಲ್ಲಿಸುತ್ತದೆ. ನಿನ್ನ ಗ್ರೀನ್‌ಲ್ಯಾಂಡ್ ಕಂಬಳಿಹುಳ ಚಳಿಯನ್ನು ಮೈಯೊಳಗೇ ಬಿಟ್ಟುಕೊಂಡು, ಪೂರ್ತಿ ಗಟ್ಟಿಯಾಗಿ ಹೆಪ್ಪುಗಟ್ಟಿ, ಸೊನ್ನೆಗಿಂತ 60 ಡಿಗ್ರಿ ಕೆಳಗೆ ಹೋದರೂ ಬದುಕಿರುತ್ತದೆ. ಅದಕ್ಕೆ ಮೈಯಲ್ಲಿ ಗ್ಲಿಸರಿನ್ ತುಂಬಿಕೊಳ್ಳುತ್ತದಂತೆ. ತುಟಿ ಒಡೆದರೆ ನಿಮ್ಮಮ್ಮ ನಿನಗೆ ಹಚ್ಚುತ್ತಿದ್ದ ಅದೇ ಗ್ಲಿಸರಿನ್! ಜೂನ್ ಬಂದರೆ ಎದ್ದು ವಿಲ್ಲೋ ಅನ್ನುವ ಗಿಡದ ಒಂದಿಷ್ಟು ಎಲೆ ತಿನ್ನುತ್ತದೆ, ತಿನ್ನುವುದಕ್ಕಿಂತ ಬಿಸಿಲು ಕಾಯುವುದೇ ಜಾಸ್ತಿ, ಆಮೇಲೆ ಮತ್ತೆ ಹೆಪ್ಪು. ಹೀಗೆ ಏಳು ವರ್ಷ. ಮೊದಲು 14 ವರ್ಷ ಅಂದುಕೊಂಡಿದ್ದರು, ನಿನ್ನ ಹಾಗೇ ಹುಳದ ಮುಂದೆ ಕೂತವರು 1998ರಲ್ಲಿ ಅದನ್ನು ತಿದ್ದಿದರು. ಅವರನ್ನು ಯಾರೂ ನೋಡಲಿಲ್ಲ ಅಂತ ನೀನು ಅಂದುಕೊಂಡರೂ, ಈಗ ನೀನೇ ಅವರನ್ನು ಓದುತ್ತಿದ್ದೀಯ ಅಲ್ವಾ?

ಅಷ್ಟಕ್ಕೂ ಕರಡಿಗೂ ಕಾಯುವುದು ತಪ್ಪಿಲ್ಲ. ಅದೇ ಕೊಲ್ಲಿಯ ಬಸುರಿ ಕರಡಿ ಎಂಟು ತಿಂಗಳವರೆಗೂ ಏನೂ ತಿನ್ನದೆ ಇರುತ್ತದೆ. ಹುಟ್ಟಿದ ಮರಿ ಒಂದು ಕಿಲೋ ಕೂಡ ಇರುವುದಿಲ್ಲ. ಸುಮ್ನೆ ಹೇಳಿದೆ, ನಿನಗೆ ಗೊತ್ತಿರುತ್ತದೆ.

ನಮ್ಮ ಮನೆಯಲ್ಲಿ ರೇಷ್ಮೆಹುಳ ಸಾಕುತ್ತಿದ್ದಾಗ ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿದ, ಹುಳುಗಳ ತಟ್ಟೆ ಮುಂದೆ ನಾನು ಲಾಟೀನು ಹಿಡಿದು ಕೂತಿರುತ್ತಿದ್ದೆ. 1980ರಲ್ಲಿ ನಮ್ಮ ಸೀಮೆಗೆ ರೇಷ್ಮೆಹುಳವನ್ನು ಕೊಲ್ಲುವ ಊಜಿ ನೊಣ ಬಂತು. ಹುಳದ ಮೈಮೇಲೆ ಒಂದು ಬಿಳಿ ಮೊಟ್ಟೆ. ಅದು ಒಡೆದು ಮರಿ ಒಳಗೆ ಹೊಕ್ಕರೆ ಅಲ್ಲೊಂದು ಕರಿ ಚುಕ್ಕೆ. ಆ ಚುಕ್ಕೆ ಕಂಡರೆ ಅಜ್ಜಿ ಮಾತೇ ಆಡುತ್ತಿರಲಿಲ್ಲ. ನನಗೆ ಅದನ್ನೇ ಓದಬೇಕು ಅಂತ ತುಂಬಾ ಆಸೆ ಇತ್ತು. "ಹುಳದಲ್ಲಿ ಏನಿದೆ, ಬ್ಯಾಂಕಿಗೆ ಹೋಗು" ಅಂದರು. ಹೋದೆ. ಆ ಕೆಲಸವೇ ನಮಗೆಲ್ಲ ಅನ್ನ ಹಾಕಿತು, ಅದರ ಮೇಲೆ ದೂರಿಲ್ಲ. ಆದರೆ ನಿನ್ನ ಕಂಬಳಿಹುಳವನ್ನು ಕೊಲ್ಲುವುದೂ ಊಜಿಯ ಕುಲದ್ದೇ ಇನ್ನೊಂದು ನೊಣ ಅಂತ ನೀನು ಬರೆದ ದಿನ, ಈ ವಯಸ್ಸಿನಲ್ಲೂ ನನಗೆ ಗಂಟಲು ಕಟ್ಟಿತು. ನಾನು ಬಿಟ್ಟು ಬಂದಿದ್ದು ನಿನ್ನ ಕೈಯಲ್ಲಿದೆ ಪುಟ್ಟಿ. ನೀನೇ ಅದನ್ನು ಬರೀ ಹುಳ ಅಂದರೆ ನಾನು ಏನು ಮಾಡಲಿ?

ಬುದ್ಧಿ ಹೇಳುವಷ್ಟು ನನಗೆ ಅಲ್ಲಿನ ವಿಷಯ ಗೊತ್ತಿಲ್ಲ. ಆದರೂ ಒಂದು ಮಾತು. ಹುಳಕ್ಕೆ ಏಳು ವರ್ಷ ಬೇಕು, ನಿನ್ನ ಸ್ಕಾಲರ್‌ಶಿಪ್ ಅಷ್ಟು ವರ್ಷ ಕಾಯುವುದಿಲ್ಲ. ಯಾವ ಭಾಗ ಮುಗಿದರೆ ಸಾಕು ಅಂತ ಗೈಡ್ ಹತ್ತಿರ ಈಗಲೇ ಕೇಳು, ಆದರೆ ಮೇಲ್‌ನಲ್ಲೇ ಬರೆಸಿಕೋ. ನಿನ್ನ ಭಯದಲ್ಲಿ ಅರ್ಧ ಅದೇ ಇರಬಹುದು ಅಂತ ನನಗೆ ಅನ್ನಿಸುತ್ತದೆ, ತಪ್ಪಿದ್ದರೂ ಇರಬಹುದು. ಆ ಕರಡಿ ಹುಡುಗಿಯ ಜೊತೆ ಒಂದು ದಿನ ಊಟಕ್ಕೆ ಕೂರು. ಅವಳಿಗೂ ಏನೋ ಭಯ ಇರುತ್ತದೆ.

ನೊಣ ಹೊಕ್ಕ ಹುಳದ ಫೋಟೋ ಇದ್ದರೆ ಕಳಿಸು. ಅಲ್ಲೂ ಕರಿ ಚುಕ್ಕೆ ಬೀಳುತ್ತಾ ನೋಡಬೇಕು.

ನಿನ್ನ ದೊಡ್ಡಪ್ಪ