ನಾಲ್ಕನೆಯ ಮಹಡಿಯ ಬಗ್ಗೆ ಶ್ರೀಧರನಿಗೆ

ಪ್ರಿಯ ಶ್ರೀಧರ,

ನಿನ್ನ ಮೇಸ್ತ್ರಿ ಬರೆದುಕೊಟ್ಟ ನಕ್ಷೆಯ ಫೋಟೊ ತಲುಪಿತು. ಮೂವತ್ತು–ನಲವತ್ತರ ನಿವೇಶನದಲ್ಲಿ ನೆಲಮಹಡಿ, ಅದರ ಮೇಲೆ ನಾಲ್ಕು ಮಹಡಿ, ಎರಡೂ ಪಕ್ಕದಲ್ಲಿ ಗಡಿಗೆ ಅಂಟಿದ ಗೋಡೆ, ಮುಂದುಗಡೆ ರಸ್ತೆಯ ಮೇಲಕ್ಕೆ ಚಾಚಿದ ಬಾಲ್ಕನಿ. "ಮೊದಲು ಕಟ್ಟಿಬಿಡಿ ಸಾರ್, ಸಕ್ರಮ ಆಮೇಲೆ ಬಂದೇ ಬರುತ್ತೆ" ಎಂದು, ನಿಯಮ ಮೀರಿ ಕಟ್ಟಿದ್ದನ್ನು ಸರ್ಕಾರ ದಂಡ ಕಟ್ಟಿಸಿಕೊಂಡು ಮನ್ನಿಸುತ್ತದೆ ಎಂಬ ಅರ್ಥದಲ್ಲಿ, ಅವರು ಧೈರ್ಯ ತುಂಬಿದ್ದಾರೆಂದೂ, ಬ್ಯಾಂಕಿನಲ್ಲಿ ಗೃಹಸಾಲದ ಕಡತಗಳನ್ನು ನೋಡುವವನಾದ ನಾನು ಏನು ಹೇಳುತ್ತೇನೆಂದೂ ಕೇಳಿದ್ದೀಯ. ಫೋನಿನಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ನಮ್ಮ ಹಾಸ್ಟೆಲ್ ಗುಂಪಿನಲ್ಲೇ ಇನ್ನೂ ಕೆಲವರು ಪಾಯ ತೋಡಿಸುವ ತಯಾರಿಯಲ್ಲಿರುವುದರಿಂದ, ನಿನ್ನ ಒಪ್ಪಿಗೆ ಇದೆಯೆಂದು ಭಾವಿಸಿ, ಎಲ್ಲರ ಕಣ್ಣಿಗೂ ಬೀಳುವಂತೆ ಬರೆಯುತ್ತಿದ್ದೇನೆ. ಒಪ್ಪಿಗೆ ಇಲ್ಲವೆಂದರೆ ಅಳಿಸಿಬಿಡುತ್ತೇನೆ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಆ ನಾಲ್ಕನೆಯ ಮಹಡಿಯನ್ನು ಕಟ್ಟಬೇಡ, ಪಕ್ಕದಲ್ಲಿ ನಿಯಮದಂತೆ ಖಾಲಿ ಬಿಡಬೇಕಾದ ಜಾಗವನ್ನು ತಿನ್ನಬೇಡ.

ನಿನ್ನ ನಿವೇಶನ ಬಿ ಖಾತೆಯದು, ಅಂದರೆ ಅನುಮೋದನೆಯಿಲ್ಲದ ಜಾಗಗಳ ಪ್ರತ್ಯೇಕ ತೆರಿಗೆ ವಹಿಯಲ್ಲಿರುವುದು, ಎಂಬ ಬಗ್ಗೆ ನನಗೆ ಯಾವ ಆಕ್ಷೇಪವೂ ಇಲ್ಲ. ಬೆಂಗಳೂರಿನ ಸುತ್ತ ನಮ್ಮ ಹಿರಿಯರ ತಲೆಮಾರು ರೆವಿನ್ಯೂ ಸೈಟು ಕೊಂಡದ್ದು ಕಾನೂನನ್ನು ಮುರಿಯುವ ಹುಮ್ಮಸ್ಸಿನಿಂದಲ್ಲ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ನಿವೇಶನಕ್ಕೆ ಅರ್ಜಿ ಹಾಕಿ ಹಾಕಿ ಸೋತವರು, ಕಾರ್ಖಾನೆಯ ಪಾಳಿ ಮುಗಿಸಿ ಬಂದು ಹಳ್ಳಿಯ ಅಂಚಿನಲ್ಲಿ ರೈತರಿಂದ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮೇಲೆ ಜಾಗ ಕೊಂಡರು. ಕೃಷಿಭೂಮಿಯನ್ನು ಪರಿವರ್ತನೆ ಮಾಡಿಸದೆ, ಬಡಾವಣೆಗೆ ಅನುಮೋದನೆಯಿಲ್ಲದೆ, ಸುಣ್ಣದ ಗೆರೆ ಎಳೆದು ಹಂಚಿದ ಜಾಗಗಳು ಅವು. ಪಂಚಾಯಿತಿ ಕಂದಾಯ ಕಟ್ಟಿಸಿಕೊಂಡಿತು, ವಿದ್ಯುತ್ ಕಂಪನಿ ಮೀಟರು ಕೂರಿಸಿತು, ಪಡಿತರ ಚೀಟಿಯಲ್ಲಿ ಅದೇ ವಿಳಾಸ ಅಚ್ಚಾಯಿತು. 2007ರಲ್ಲಿ ಏಳು ನಗರಸಭೆಗಳೂ ಒಂದು ಪುರಸಭೆಯೂ 110 ಹಳ್ಳಿಗಳೂ ಹಳೆಯ ನಗರ ಪಾಲಿಕೆಗೆ ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಆದಾಗ ಆ ಮನೆಗಳೆಲ್ಲ ನಗರದೊಳಕ್ಕೆ ಬಂದವು. ಆದರೆ ಅವುಗಳ ಹೆಸರು ಬಿ ವಹಿಯಲ್ಲಿ ಉಳಿಯಿತು. ತೆರಿಗೆ ಕೊಡಬಹುದು, ನಕ್ಷೆ ಮಂಜೂರು ಮಾಡಿಸಿಕೊಳ್ಳುವಂತಿಲ್ಲ. ಇದು ಆಡಳಿತ ತಾನು ಮಾಡಬೇಕಿದ್ದ ಕೆಲಸವನ್ನು ಮಾಡದೆ ಬಡವರ ತಲೆಗೆ ಕಟ್ಟಿದ ಹೊರೆ ಎಂದೇ ನಾನು ನಂಬಿದ್ದೇನೆ. ಈ ಬಗೆಯ ತಪ್ಪನ್ನು ಕಾಗದದಿಂದ ಸರಿಪಡಿಸಬಹುದು, ಸರಿಪಡಿಸಲೇಬೇಕು. 2025ರ ನವೆಂಬರಿನಲ್ಲಿ ಸರ್ಕಾರವೇ ನಿಗದಿಮಾಡಿದ ಮಾರ್ಗಸೂಚಿ ಬೆಲೆಯ ಶೇ 5ರಷ್ಟು ಶುಲ್ಕ ಕಟ್ಟಿಸಿಕೊಂಡು ಬಿ ಖಾತೆಯನ್ನು ಎ ಖಾತೆಯಾಗಿಸುವ ಅಭಿಯಾನವನ್ನು ಸರ್ಕಾರ ಆರಂಭಿಸಿದಾಗ ನಾನು ಮನಸಾರೆ ಸಂತೋಷಪಟ್ಟೆ.

ಆದರೆ ಖಾತೆ ಎನ್ನುವುದು ನಿವೇಶನದ ಮಾತು. ನೀನು ಎಬ್ಬಿಸಲು ಹೊರಟಿರುವ ಗೋಡೆಯ ಮಾತೇ ಬೇರೆ, ಮತ್ತು ನಿನ್ನ ಮೇಸ್ತ್ರಿ ಇವೆರಡನ್ನೂ ಒಂದೇ ಬುಟ್ಟಿಗೆ ಹಾಕಿ ನಿನಗೆ ಮಾರುತ್ತಿದ್ದಾರೆ.

ಅವರು ಹೇಳುವ ಸಕ್ರಮದ ಕಥೆಯನ್ನು ಸ್ವಲ್ಪ ತಾಳ್ಮೆಯಿಂದ ಕೇಳು. ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಗೆ 2004ರಲ್ಲಿ ತಿದ್ದುಪಡಿ ತಂದು ಸಕ್ರಮಕ್ಕೆ ದಾರಿ ಮಾಡುವ 76 ಎಫ್‌ಎಫ್ ಎಂಬ ಕಲಮನ್ನು ಸೇರಿಸಿದರು, 2007ರಲ್ಲಿ ನಿಯಮ ಬಂದವು, ವಿರೋಧ ಎದ್ದಿತು, ಯೋಜನೆ ನಿಂತಿತು. ಮತ್ತೆ 2014ರಲ್ಲಿ ಹೊಸ ನಿಯಮಗಳು ಹೊರಬಿದ್ದವು. ವಾಸದ ಮನೆಯಲ್ಲಿ ಶೇ 50ರವರೆಗಿನ, ವಾಣಿಜ್ಯ ಕಟ್ಟಡದಲ್ಲಿ ಶೇ 25ರವರೆಗಿನ ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಮನ್ನಿಸುವುದು, ಆದರೆ 2013ರ ಅಕ್ಟೋಬರ್ 19ಕ್ಕೆ ಮೊದಲು ಕಟ್ಟಿದ್ದಕ್ಕೆ ಮಾತ್ರ. 2016ರ ಡಿಸೆಂಬರಿನಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆಯಾಜ್ಞೆ ಕೊಟ್ಟಿತು. ಇಡೀ ನಗರ ಬಾಯಿಬಿಟ್ಟುಕೊಂಡು ಕಾದ ಯೋಜನೆ ಅರ್ಜಿ ಹಂತದಲ್ಲೇ ಸಿಕ್ಕಿಕೊಂಡಿತು. ನೀನು ಇನ್ನೂ ಪಾಯವನ್ನೇ ತೋಡಿಲ್ಲ. ನಾಳೆ ಆ ತಡೆ ತೆರವಾದರೂ 2013ರ ಗಡುವಿನೊಳಕ್ಕೆ ನಿನ್ನ ಮನೆ ಹೇಗೆ ಬರುತ್ತದೆ?

ಈಗ ನಮ್ಮ ಮನೆಯ ವಿಷಯ. ಇದನ್ನು ಬರೆಯುವ ಉದ್ದೇಶ ಮೊದಲಿಗೆ ಇರಲಿಲ್ಲ. ಆದರೆ ಇದನ್ನು ಬಿಟ್ಟು ನಿನಗೆ ಬುದ್ಧಿ ಹೇಳುವ ಹಕ್ಕು ನನಗಿಲ್ಲ ಎನ್ನಿಸುತ್ತಿದೆ.

ಕಳೆದ ತಿಂಗಳು ಇ-ಖಾತೆಗೆಂದು (ಕಂಪ್ಯೂಟರಿನ ಖಾತೆ) ಅಪ್ಪನ ಕಬ್ಬಿಣದ ಪೆಟ್ಟಿಗೆಯಲ್ಲಿ ಕ್ರಯಪತ್ರ, ಹಳೆಯ ಕಂದಾಯ ರಸೀದಿಗಳನ್ನು ಹುಡುಕುತ್ತಿದ್ದಾಗ, ನಾಲ್ಕಾಗಿ ಮಡಚಿದ ಒಂದು ನಕ್ಷೆ ಸಿಕ್ಕಿತು. ಹೈಕೋರ್ಟಿನ ತೀರ್ಪು ಬಂದ ಆ ಡಿಸೆಂಬರಿನಲ್ಲಿ ಅಪ್ಪ ಅರ್ಜಿಗಾಗಿ ಬರೆಸಿದ್ದು. ಅಳತೆ ಮಾಡುವವನ ಜೊತೆ ಟೇಪಿನ ಇನ್ನೊಂದು ತುದಿಯನ್ನು ಹಿಡಿದು ಅಪ್ಪ ಮನೆಯನ್ನು ಸುತ್ತುತ್ತಿದ್ದುದು ನನಗೆ ನೆನಪಿದೆ. ಬಿಡಬೇಕಿದ್ದ ಜಾಗ ಚುಕ್ಕಿ ಗೆರೆಯಲ್ಲಿದೆ, ಕಟ್ಟಿದ ಗೋಡೆ ಗಟ್ಟಿ ಗೆರೆಯಲ್ಲಿದೆ. ಕೆಳಗಿನ ಮೂಲೆಯಲ್ಲಿ ಅಪ್ಪ ಪೆನ್ಸಿಲಿನಲ್ಲಿ ತಾವೇ ಲೆಕ್ಕ ಹಾಕಿದ್ದಾರೆ: ಮುಂದೆ ಶೇ 38, ಹಿಂದೆ ಶೇ 45. ಪೂರ್ವಕ್ಕೆ ಬಂದಾಗ 100 ಎಂದು ಬರೆದು, ಅದರ ಸುತ್ತ ಒಂದು ವೃತ್ತ ಎಳೆದು, ಲೆಕ್ಕವನ್ನು ಅಲ್ಲಿಗೇ ನಿಲ್ಲಿಸಿದ್ದಾರೆ.

ಪೂರ್ವದಲ್ಲಿ ನಾವು ಒಂದು ಅಂಗುಲವನ್ನೂ ಬಿಟ್ಟಿಲ್ಲ, ಶ್ರೀಧರ. ಶೇ 50ರ ಮಿತಿಯ ಯಾವ ಯೋಜನೆಯಲ್ಲೂ ನಮ್ಮ ಮನೆಗೆ ಜಾಗವಿರಲಿಲ್ಲ. ಅದು ಅಪ್ಪನಿಗೆ ಗೊತ್ತಾಗಿತ್ತು, ಅವರು ಯಾರಿಗೂ ಹೇಳಲಿಲ್ಲ. ಜನವರಿಯಲ್ಲಿ ತಡೆಯಾಜ್ಞೆಯ ಸುದ್ದಿ ಬಂದ ಸಂಜೆ ನಮ್ಮ ಬೀದಿಯ ಗಂಡಸರೆಲ್ಲ ಗಣಪತಿ ಗುಡಿಯ ಕಟ್ಟೆಯ ಮೇಲೆ ಕೂತು ಪೇಚಾಡಿಕೊಂಡರು. ಅಪ್ಪ ಅಲ್ಲಿಂದ ಮನೆಗೆ ಬಂದು ಕೈಕಾಲು ತೊಳೆದು, ಅಮ್ಮನನ್ನು ಕಾಫಿ ಕೇಳಿ, ಎಂದಿಗಿಂತ ಬೇಗ ಮಲಗಿ ನಿದ್ದೆ ಹೋದರು. ಎಂಥ ಗಟ್ಟಿ ಮನುಷ್ಯ ಎಂದು ನಾವೆಲ್ಲ ಅಂದುಕೊಂಡೆವು. ಅದು ನಿರಾಳವಾದ ಮನುಷ್ಯನ ನಿದ್ದೆ ಎಂದು ನನಗೆ ಈಗ ತಿಳಿಯುತ್ತಿದೆ: ಅರ್ಜಿ ಹಾಕುವ ಪ್ರಮೇಯವೇ ಇಲ್ಲವಾದ್ದರಿಂದ, ಅದು ತಿರಸ್ಕೃತವಾಗುವ ಭಯವೂ ಹೋಯಿತು. ಅವರು ತೀರಿಹೋಗುವವರೆಗೂ ಆ ನಕ್ಷೆಯನ್ನು ಹರಿದು ಹಾಕಲಿಲ್ಲ, ತೋರಿಸಲೂ ಇಲ್ಲ.

ಅಪ್ಪನ ಮೇಲೆ ನನಗೆ ಕೋಪವಿಲ್ಲ. ಎರಡು ಕೋಣೆಯಲ್ಲಿ ಆರು ಜನ ಮಲಗಬೇಕಿದ್ದ ಕಾಲದಲ್ಲಿ ಎರಡಡಿ ಜಾಗ ಎಷ್ಟು ದೊಡ್ಡದು ಎಂದು ನನಗೆ ಗೊತ್ತು. ಆದರೆ ಆ ಪೂರ್ವದ ಗೋಡೆಯ ಜೊತೆ ಬದುಕುವುದು ಹೇಗಿರುತ್ತದೆ ಎಂದು ನಿನಗೆ ಯಾರೂ ಹೇಳಿರಲಾರರು. ಅದರ ಹೊರಮೈಗೆ ಇಂದಿಗೂ ಗಾರೆಯಾಗಿಲ್ಲ. ಪಕ್ಕದವರೂ ನಮ್ಮನ್ನೇ ನೋಡಿ ಗಡಿಯ ತನಕ ಬಂದರು. ನಡುವೆ ಉಳಿದಿರುವ ಸಂದಿಯಲ್ಲಿ ನನ್ನ ಅಂಗೈ ಹೋಗುತ್ತದೆ, ಭುಜ ಹೋಗುವುದಿಲ್ಲ. ಏಣಿ ಇಡಲಾಗದ ಕಡೆ ಗಾರೆಯವನು ಏನು ಮಾಡಿಯಾನು? ಮಳೆಗಾಲದಲ್ಲಿ ಎರಡೂ ತಾರಸಿಯ ನೀರು ಅಲ್ಲಿಗೇ ಇಳಿದು, ಬರಿಯ ಇಟ್ಟಿಗೆ ಅದನ್ನು ಕುಡಿದು, ಒಳಗಡೆ ದೇವರ ಕೋಣೆಯ ಗೋಡೆ ಆಳೆತ್ತರಕ್ಕೆ ಉಬ್ಬಿ ಸುಣ್ಣ ಉದುರುತ್ತದೆ. ಪ್ರತಿ ದಸರೆಗೆ ಬಣ್ಣ ಹೊಡೆಸುತ್ತೇವೆ, ಯುಗಾದಿಗೆ ಮುಂಚೆ ಅದು ಮತ್ತೆ ಏಳುತ್ತದೆ. ಪಕ್ಕದ ಮನೆಯ ಅಜ್ಜಿ ಹಾಡಹಗಲಲ್ಲಿ ಟ್ಯೂಬ್‌ಲೈಟ್ ಹಾಕಿಕೊಂಡು ಸೊಪ್ಪು ಸೋಸುತ್ತಾರೆ. ಅವರ ಅಡುಗೆಮನೆಯ ಕಿಟಕಿ ತೆರೆದರೆ ಕಾಣುವುದು ನಮ್ಮ ಇಟ್ಟಿಗೆ. ಅವರ ಕಣ್ಣು ಮಂಜಾಗಿರುವುದು ವಯಸ್ಸಿನಿಂದ ಎಂದು ಎಲ್ಲರೂ ಹೇಳುತ್ತಾರೆ, ಅದು ನಿಜವೂ ಇರಬಹುದು. ಆದರೆ ಆ ಕತ್ತಲೆಯಲ್ಲಿ ನಮ್ಮದೊಂದು ಪಾಲಿದೆ. ಅಜ್ಜಿ ಒಂದು ದಿನವೂ ಅದರ ಮಾತೆತ್ತಿಲ್ಲ. ಹಬ್ಬಕ್ಕೆ ಒಬ್ಬಟ್ಟು ಕಳಿಸುತ್ತಾರೆ, ನಾವೂ ಕಳಿಸುತ್ತೇವೆ. ಯಾವ ಇಲಾಖೆ ಎಷ್ಟು ದಂಡ ಕಟ್ಟಿಸಿಕೊಂಡು ಯಾವ ಮುದ್ರೆ ಒತ್ತಿದರೂ ಆ ಕಿಟಕಿಗೆ ಬೆಳಕು ಬರುವುದಿಲ್ಲ. ಸರ್ಕಾರ ಮನ್ನಿಸಬಹುದು, ಆದರೆ ದಂಡದ ಹಣ ಹೋಗುವುದು ಬೊಕ್ಕಸಕ್ಕೆ. ಬೆಳಕು ಕಳೆದುಕೊಂಡವರಿಗೆ ಅದರಲ್ಲಿ ಚಿಕ್ಕಾಸೂ ಇಲ್ಲ.

ಇನ್ನೂ ಒಂದು ಮಾತನ್ನು ಹೇಳಿಬಿಡುತ್ತೇನೆ. ದಿನವೂ ನನ್ನ ಮೇಜಿಗೆ ಬರುವ ಕಡತಗಳಲ್ಲಿ ನಮ್ಮಂಥ ಮನೆಗಳಿರುತ್ತವೆ. ನಕ್ಷೆ ಒಂದು ಹೇಳುತ್ತದೆ, ಸ್ಥಳ ಪರಿಶೀಲನೆಯ ವರದಿ ಇನ್ನೊಂದು ಹೇಳುತ್ತದೆ, ನಾನು ಸಾಲ ಕೊಡಲಾಗದು ಎಂದು ಬರೆಯುತ್ತೇನೆ. ಮಗಳ ಓದಿಗೆ ಮನೆಯನ್ನು ಅಡವಿಟ್ಟು ಸಾಲ ಕೇಳಿ ಬಂದವರಿಗೂ ಹಾಗೆಯೇ ಬರೆದಿದ್ದೇನೆ; ಅವರು ಖಾಸಗಿ ಫೈನಾನ್ಸಿನಲ್ಲಿ ಹೆಚ್ಚಿನ ಬಡ್ಡಿಗೆ ತೆಗೆದುಕೊಂಡಿರುತ್ತಾರೆ. ನಮ್ಮ ಮನೆಯ ಕಡತ ನನ್ನ ಮುಂದೆ ಬಂದರೆ ಅದಕ್ಕೂ ನಾನು ಅದನ್ನೇ ಬರೆಯಬೇಕು. ಬೀದಿಯ ತುದಿಯಲ್ಲಿ ಆರು ಮಹಡಿ ಎಬ್ಬಿಸಿರುವ ಬಾಡಿಗೆ ಕಟ್ಟಡಕ್ಕೆ ನೋಟಿಸು ಬರಲಿ ಎಂದು ನಾನು ಆಸೆಪಡುತ್ತೇನೆ. ಅದೇ ನೋಟಿಸು ತರುವ ಅಧಿಕಾರಿ ನಮ್ಮ ಗೇಟಿನ ಮುಂದೆ ನಿಲ್ಲದಿರಲಿ ಎಂದೂ ಬೇಡಿಕೊಳ್ಳುತ್ತೇನೆ. ಈ ಎರಡು ಆಸೆಗಳೂ ಒಂದೇ ಎದೆಯಲ್ಲಿ ಹೇಗಿವೆಯೋ ನನಗೆ ತಿಳಿಯದು. ಪೇಪರಿನಲ್ಲಿ ತೆರವು ಕಾರ್ಯಾಚರಣೆಯ ಚಿತ್ರ ಬಂದ ದಿನ ಅಮ್ಮ ಆ ಪುಟವನ್ನು ಮಗುಚಿಡುತ್ತಾರೆ. ನಿನ್ನ ಹೆಂಡತಿಗೂ ಮಕ್ಕಳಿಗೂ ಆ ಅಭ್ಯಾಸ ಬರಬಾರದು ಎಂಬುದಷ್ಟೇ ನನ್ನ ಆಸೆ.

ನೀನು ಕೇಳುವ ಪ್ರಶ್ನೆ ಗೊತ್ತು: ಎಲ್ಲರೂ ಕಟ್ಟುತ್ತಿದ್ದಾರೆ, ನನಗೊಬ್ಬನಿಗೆ ಏಕೆ ನಿಯಮ? ನಾಲ್ಕನೆಯ ಮಹಡಿಯ ಬಾಡಿಗೆಯಿಂದ ಸಾಲದ ಕಂತು ತೀರುತ್ತದಲ್ಲ? ಪ್ರಶ್ನೆ ನ್ಯಾಯವಾದದ್ದೇ. ನಿಯಮದಂತೆ ಜಾಗ ಬಿಟ್ಟು, ಮಹಡಿ ಕಡಿಮೆ ಮಾಡಿ, ಬಾಡಿಗೆ ಕಳೆದುಕೊಂಡವನು ದಡ್ಡನಾಗುತ್ತಾನೆ. ಸಕ್ರಮದ ಒಂದೊಂದು ಘೋಷಣೆಯೂ ಅವನನ್ನು ಇನ್ನಷ್ಟು ದಡ್ಡನನ್ನಾಗಿಸುತ್ತದೆ. ಆದರೆ ಮಹಡಿಯ ಭಾರ ಹೊರುವುದು ಕಾನೂನಲ್ಲ, ಕಂಬ. 1983ರಲ್ಲಿ ಬೆಂಗಳೂರಿನ ಗಂಗಾರಾಂ ಕಟ್ಟಡ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತರು. 2024ರ ಅಕ್ಟೋಬರ್ 22ರಂದು, ಮಳೆಯ ನಡುವೆ, ಬಾಬುಸಾಪಾಳ್ಯದಲ್ಲಿ ಅನುಮತಿ ಮೀರಿ ಎಬ್ಬಿಸುತ್ತಿದ್ದ ಕಟ್ಟಡ ಕುಸಿದು ಕೂಲಿಗೆ ಬಂದ ಕಾರ್ಮಿಕರು ಅದರಡಿ ಸಿಕ್ಕಿ ಜೀವ ಬಿಟ್ಟರು. ಅಲ್ಲಿ ಸತ್ತವರು ಮನೆಯ ಯಜಮಾನರಲ್ಲ. ನಿನ್ನ ಮನೆಯ ಮೋಲ್ಡ್ ಹಾಕುವ ದಿನ ಸಾರವೆಯ ಮೇಲೆ ನಿಲ್ಲುವವರೂ ಅಂಥವರೇ.

ಕಾಲವೂ ಬದಲಾಗಿದೆ. 2024ರ ಡಿಸೆಂಬರ್ 17ರಂದು ಮೀರತ್‌ನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು, ಎಷ್ಟೇ ವರ್ಷ ಕಳೆದರೂ, ಎಷ್ಟೇ ಹಣ ಸುರಿದಿದ್ದರೂ ಅನಧಿಕೃತ ಕಟ್ಟಡ ಸಕ್ರಮವಾಗದು ಎಂದಿತು. ಸ್ವಾಧೀನಾನುಭವ ಪತ್ರ, ನಾವು ಓಸಿ ಎನ್ನುವುದು, ಅದನ್ನು ನೋಡಿಯೇ ವಿದ್ಯುತ್ತು, ನೀರು ಕೊಡಬೇಕು, ಬ್ಯಾಂಕುಗಳೂ ಅದನ್ನು ನೋಡಿಯೇ ಸಾಲ ಕೊಡಬೇಕು ಎಂದೂ ಹೇಳಿತು. ಆ ತೀರ್ಪಿನ ಬಿಸಿಗೆ ನಮ್ಮಲ್ಲಿ ಸಾವಿರಾರು ಮನೆಗಳು ಮೀಟರಿಗಾಗಿ ಪರದಾಡಿದವು. ಆಮೇಲೆ 1,200 ಚದರ ಅಡಿಯವರೆಗಿನ ನಿವೇಶನದಲ್ಲಿ ನೆಲಮಹಡಿ ಮತ್ತು ಎರಡು ಮಹಡಿ, ಇಲ್ಲವೇ ಸ್ಟಿಲ್ಟ್ (ಗಾಡಿ ನಿಲ್ಲಿಸಲು ಕಂಬಗಳ ಮೇಲೆ ತೆರೆದು ಬಿಟ್ಟ ತಳ) ಮತ್ತು ಮೂರು ಮಹಡಿಯ ಮನೆಗಳಿಗೆ ಓಸಿಯಿಂದ ವಿನಾಯಿತಿ ಸಿಕ್ಕಿತು. ನಿನ್ನ ನಿವೇಶನ ಸರಿಯಾಗಿ ಆ ಅಳತೆಯದು. ಮೇಸ್ತ್ರಿಯ ನಕ್ಷೆಯಂತೆ ನಾಲ್ಕು ಮಹಡಿ ಎಬ್ಬಿಸಿದರೆ ಆ ವಿನಾಯಿತಿಯನ್ನು ನಿನ್ನ ಕೈಯಾರೆ ಆಚೆಗೆ ತಳ್ಳಿದಂತೆ.

ಆದ್ದರಿಂದ ಮೊದಲು ಎ ಖಾತೆ ಮಾಡಿಸಿಕೋ. ಆಮೇಲೆ ಮೇಸ್ತ್ರಿಯ ನಕ್ಷೆಯನ್ನು ಬದಿಗಿಟ್ಟು ಒಬ್ಬ ಎಂಜಿನಿಯರ್ ಕೈಯಲ್ಲಿ ಹೊಸದು ಬರೆಸಿ, ಮಂಜೂರಾತಿ ಪಡೆದು, ಪಕ್ಕದವರಿಗೆ ಗಾಳಿ ಬಿಟ್ಟು ಕಟ್ಟು. ಕಂತಿಗೆ ಹಣ ಕಡಿಮೆ ಬೀಳುವುದು ಖಂಡಿತ. ಕೂತು ಲೆಕ್ಕ ಹಾಕೋಣ. ಅವಧಿಯನ್ನು ಉದ್ದ ಮಾಡುವ ದಾರಿ ನನಗೆ ಗೊತ್ತಿದೆ, ಮೊದಲ ವರ್ಷದ ಕೊರತೆಗೆ ನನ್ನ ಕೈಲಾದದ್ದನ್ನು ನಾನು ಕೊಡುತ್ತೇನೆ. ಇದನ್ನು ಎಲ್ಲರೆದುರು ಬರೆದಿರುವುದರಿಂದ ತಪ್ಪಿಸಿಕೊಳ್ಳಲೂ ಆಗುವುದಿಲ್ಲ.

ಬರೆಯುತ್ತ ಬರೆಯುತ್ತ ಅಪ್ಪನ ಪೆಟ್ಟಿಗೆಯನ್ನು ಊರಿಗೆಲ್ಲ ತೆರೆದಂತಾಯಿತು. ಅಮ್ಮನಿಗೆ ಇನ್ನೂ ಹೇಳಿಲ್ಲ, ನೀನು ಫೋನ್ ಮಾಡಿದಾಗ ಈ ಮಾತು ತೆಗೆಯಬೇಡ. ಭಾನುವಾರ ಮೇಸ್ತ್ರಿಗೆ ಮುಂಗಡ ಕೊಡುವುದನ್ನು ತಡೆಹಿಡಿ. ಶನಿವಾರ ಸಂಜೆ ಬರುತ್ತೇನೆ, ಟೇಪು ತರುತ್ತೇನೆ. ಗೃಹಪ್ರವೇಶದ ದಿನ ನಿಮ್ಮ ಚಿಕ್ಕಪ್ಪನವರೇ ಪಾಯಸ ಬಡಿಸುವುದಾದರೆ ನನಗೆ ಎರಡನೆಯ ಪಂಕ್ತಿಯಲ್ಲಿ ಎಲೆ ಹಾಕಿಸು, ಕಾರಣ ನಿನಗೆ ಗೊತ್ತು.

ನಿನ್ನವನೇ ಆದ,
ರಾಘು