ದೇಣಿಗೆ ಕೇಳುವವರು ಲೆಕ್ಕವನ್ನೂ ಕೊಡಲಿ

ಮಾನ್ಯರೇ,

ನಾನು ಓದಿದ ಕ್ಯಾಥೊಲಿಕ್ ವಿಶ್ವವಿದ್ಯಾಲಯ ಹಳೆಯ ವಿದ್ಯಾರ್ಥಿಗಳಿಂದ ವರ್ಷವರ್ಷವೂ ದೇಣಿಗೆ ಕೇಳುತ್ತದೆ, ಆದರೆ ಕೊಟ್ಟ ಹಣ ಏನಾಯಿತು ಎಂದು ತಿಳಿಸುವುದಿಲ್ಲ. ಬಳ್ಳಾರಿಯಲ್ಲಿರುವ ನಮ್ಮಂಥ ಹಲವರಿಗೆ ಇದರಿಂದ ಬೇಸರವಾಗಿದೆ. ಬಡ ಮಕ್ಕಳ ಶುಲ್ಕಕ್ಕೆಂದು ಹಣ ಕಳಿಸಿದೆವು. ಆದಾಯ ತೆರಿಗೆ ರಿಯಾಯಿತಿಗೆ ಬೇಕಾದ 80ಜಿ ರಸೀದಿ ಬಂತು, ಅಷ್ಟೇ. ಎಷ್ಟು ಮಕ್ಕಳಿಗೆ ನೆರವಾಯಿತು ಎಂದು ಕೇಳಿ ಪತ್ರ ಬರೆದರೆ, ಉತ್ತರವಾಗಿ ಬಂದದ್ದು ಹೊಸ ಸಭಾಂಗಣದ ಚಿತ್ರ, ಅದರ ಕೆಳಗೆ ಬ್ಯಾಂಕ್ ಖಾತೆ ಸಂಖ್ಯೆ.

ಫಾದರ್‌ಗಳ ಮೇಲೆ ನಮಗೆ ಈಗಲೂ ಗೌರವ ಇದೆ. ಸಿರುಗುಪ್ಪ, ಸಂಡೂರು ಕಡೆಯಿಂದ ಹೋದ ನಮ್ಮಂಥವರಿಗೆ ಹಾಸ್ಟೆಲ್ ಕೊಟ್ಟು ಓದಿಸಿದವರು ಅವರೇ. ಅದಕ್ಕೇ ಈಗಿನ ಆಡಳಿತದ ಮೌನ ಜಾಸ್ತಿ ನೋವು ಕೊಡುತ್ತದೆ. ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದಲ್ಲೂ ಹಳೆಯ ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆಯನ್ನು ನೋಡುತ್ತಾರೆ. ದುಡ್ಡು ಬೇಕಾದಾಗ ಮಾತ್ರ ನೆನಪು ಮಾಡಿಕೊಂಡರೆ ಜನ ಜೊತೆಗೆ ನಿಲ್ಲುವುದು ಕಷ್ಟ ಅಲ್ವಾ?

ದೇಣಿಗೆ ಎಷ್ಟು ಬಂತು, ಯಾವುದಕ್ಕೆ ಖರ್ಚಾಯಿತು ಎಂಬ ಲೆಕ್ಕಪರಿಶೋಧನಾ ವರದಿಯನ್ನು ಪ್ರತಿ ವರ್ಷ ದಾನಿಗಳಿಗೆ ಕಳಿಸಬೇಕು. ಹಣ ಸಂಗ್ರಹಿಸುವ ಮೊದಲೇ ಅದರ ಉದ್ದೇಶವನ್ನು ತೀರ್ಮಾನಿಸುವ ಸಮಿತಿಯಲ್ಲಿ ಕಲ್ಯಾಣ ಕರ್ನಾಟಕದ ಹಳೆಯ ವಿದ್ಯಾರ್ಥಿಗಳಿಗೂ ಜಾಗ ಕೊಡಲಿ.

– ಹಳೆಯ ವಿದ್ಯಾರ್ಥಿ, ಬಳ್ಳಾರಿ