ಮೂರನೇ ಸಲಕ್ಕೆ ಪಾಸ್! ನಮ್ಮ ಬೀದಿಯವರಿಗೆ ಥ್ಯಾಂಕ್ಸ್

ಕೊನೆಗೂ ಜಪಾನೀಸ್ ಭಾಷೆಯ ಪರೀಕ್ಷೆ ಜೆಎಲ್‌ಪಿಟಿಯ ಮಧ್ಯದ ಹಂತ ಎನ್3 ಪಾಸಾಯಿತು. ಕಳೆದ ಸಲ 180ಕ್ಕೆ 98 ಬಂದಿತ್ತು. ಪಾಸಾಗಲು 95 ಸಾಕು, ಆದರೂ ಫೇಲ್! ಯಾಕೆಂದರೆ ಮೂರು ಭಾಗಗಳಲ್ಲಿ ಒಂದೊಂದರಲ್ಲೂ ಕನಿಷ್ಠ 19 ಬರಬೇಕು, ಕೇಳಿಸಿಕೊಂಡು ಉತ್ತರ ಗುರುತಿಸುವ ಭಾಗದಲ್ಲಿ ನನಗೆ ಬಂದಿದ್ದು 17. ಈ ಸಲ ಅದರಲ್ಲೇ 41. ಪುಸ್ತಕ ಅದೇ, ಆ್ಯಪ್ ಅದೇ. ಮಧ್ಯದಲ್ಲಿ ನಾನು ಬೀದಿಯವರ ಜೊತೆ ಬಾಯಿ ಬಿಡಲು ಶುರು ಮಾಡಿದ್ದೆ, ಅಷ್ಟೇ.

ನಾನಿರುವುದು ಜಪಾನಿನ ಹಮಾಮತ್ಸು ಊರಿನಲ್ಲಿ. ನಮ್ಮ ದೇಶದವರು ತುಂಬಿರುವ ಟೋಕಿಯೊದ ನಿಶಿ ಕಸಾಯ್‌ನಲ್ಲಿ ಮನೆ ಮಾಡಿದ್ದರೆ ಇಷ್ಟು ಹೊತ್ತಿಗೆ ನನ್ನ ಹಿಂದಿ ಚೆನ್ನಾಗಿ ಆಗಿರುತ್ತಿತ್ತು! ಇಲ್ಲಿ ಬ್ರೆಜಿಲ್‌ನವರು ಜಾಸ್ತಿ. ಕನ್ನಡ ಬೇಕು ಅಂದರೆ ಅಮ್ಮನಿಗೆ ಫೋನ್ ಮಾಡಬೇಕು.

ಮೊದಲ ಥ್ಯಾಂಕ್ಸ್ ಕೆಳಗಿನ ಮನೆಯ ಅಜ್ಜಿಗೆ. ಬಂದ ಹೊಸದರಲ್ಲಿ ನನ್ನ ಕಸದ ಚೀಲವನ್ನು ಗಾಡಿಯವರು ಒಯ್ಯದೆ, ಮೇಲೊಂದು ಸ್ಟಿಕರ್ ಅಂಟಿಸಿ ಹೋಗಿದ್ದರು. ಅದರ ಮೇಲಿನ ಕಾಂಜಿ (ಚೀನಾ ಮೂಲದ ಅಕ್ಷರ) ಓದಲು ಬರುತ್ತಿರಲಿಲ್ಲ, ಎಲ್ಲ ಸರಿಯಿದೆ ಅಂತ ಗುರುತು ಹಾಕಿದ್ದಾರೆ ಅಂದುಕೊಂಡೆ. ಸಂಜೆ ಅಜ್ಜಿ ಆ ಚೀಲ ಹಿಡಿದು ಬಾಗಿಲಿಗೇ ಬಂದರು. ಅಲ್ಲೇ ಕೂತು ಬಿಚ್ಚಿ ಕಸ ಬೇರೆ ಬೇರೆ ಮಾಡಿದರು. ಕರಿಬೇವಿನ ಕಡ್ಡಿ ಎತ್ತಿ, ಮೂಸಿ ನೋಡಿ, 'ಮೊಎರು', ಉರಿಯುತ್ತೆ. ತೆಂಗಿನ ಹಾಲಿನ ಡಬ್ಬಿ ಎತ್ತಿ 'ಮೊಎನಾಇ', ಉರಿಯಲ್ಲ. ನನ್ನ ಒಂದು ವಾರದ ಅಡುಗೆಯೆಲ್ಲ ಹೊಸಿಲ ಮೇಲೆ ಹರಡಿಕೊಂಡು, ನಾಚಿಕೆಯಲ್ಲಿ ಕೂತು ಕಲಿತ ಆ ಎರಡು ಪದ ಇನ್ನೂ ಮರೆತಿಲ್ಲ.

ಚಳಿಗಾಲದಲ್ಲಿ ಇಲ್ಲಿ 'ಕರಕ್ಕಝೆ' ಅಂತ ಒಣಗಾಳಿ ಬೀಸುತ್ತದೆ. ಒಂದು ದಿನ ನನ್ನ ಲುಂಗಿ ಹಾರಿ ಅವರ ಹಿತ್ತಲಿಗೆ ಬಿತ್ತು. ಮಡಚಿ ತಂದುಕೊಟ್ಟು 'ತೊಂದೆ ಕಿತಾ' ಅಂದರು. ಕನ್ನಡದಲ್ಲಿ ಪದಕ್ಕೆ ಪದ ಇಟ್ಟರೆ, ಹಾರಿ ಬಂತು! ಆಮೇಲೆ ಗಮನಿಸಿದರೆ ಎಲ್ಲ ಕಡೆ ಅದೇ. ಇಲ್ಲೇ ಪಕ್ಕದ ಮಿಕ್ಕಬಿಯ ಕಿತ್ತಳೆ ಕೊಟ್ಟು 'ತಬೆತೆ ಮಿತೆ' ಅಂದರೆ ತಿಂದು ನೋಡು. ಬೆಳಿಗ್ಗೆ ಹೊರಡುವಾಗ ನಾನು ಹೇಳುವ 'ಇತ್ತೆ ಕಿಮಾಸು' ಅಂದರೆ ನಮ್ಮ ಹೋಗಿ ಬರ್ತೀನಿ. ಹೋಗ್ತೀನಿ ಅಂತಷ್ಟೇ ಹೇಳಿದರೆ ನಮ್ಮನೆಯಲ್ಲಿ ಬೈಯುತ್ತಿದ್ದರು, ನಿಮ್ಮಲ್ಲೂ ಅಲ್ವಾ? ಎರಡು ವರ್ಷ ಇಂಗ್ಲಿಷ್ ಮೂಲಕ ಜಪಾನೀಸ್ ಕಲಿಯಲು ಒದ್ದಾಡಿದ್ದೆನಲ್ಲ, ಸುಮ್ನೆ ಕನ್ನಡದಲ್ಲಿ ಯೋಚನೆ ಮಾಡಿದ್ದರೆ ಅರ್ಧ ವ್ಯಾಕರಣ ಮನೆಯಿಂದಲೇ ಬಂದಿರುತ್ತಿತ್ತು.

ಅಜ್ಜಿಯ ಮಾತಿನ ತುಂಬ 'ದರಾ'. 'ಸಮುಇ ದರಾ?' ಅಂದರೆ ಚಳಿ ಅಲ್ವಾ? ಇದು ಈ ಕಡೆಯವರ ಆಡುಮಾತು, ನನ್ನ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಆಫೀಸಿನಲ್ಲಿ ಒಮ್ಮೆ ಬಾಯಿ ತಪ್ಪಿ ಹೇಳಿದೆ, ಇಡೀ ಫ್ಲೋರ್ ನಕ್ಕಿತು. ಅವತ್ತಿನಿಂದ ಊಟಕ್ಕೆ ನನ್ನನ್ನೂ ಕರೆಯುತ್ತಾರೆ.

ಶನಿವಾರ ಬಿಟ್ಟಿ ಪಾಠ ಹೇಳುವ ರಿಟೈರ್ಡ್ ಮೇಷ್ಟ್ರಿಗೂ, ಯಾವ ಬ್ರೆಡ್ಡಿನಲ್ಲಿ ಹಂದಿ ಕೊಬ್ಬಿದೆ ಅಂತ ಚೀಟಿ ಬರೆದಿಟ್ಟು ಅದನ್ನು ನನ್ನ ಕೈಯಲ್ಲೇ ಜೋರಾಗಿ ಓದಿಸುತ್ತಿದ್ದ ಬೇಕರಿಯಮ್ಮನಿಗೂ, ಫೇಲಾದ ದಿನ ಏನೂ ಹೇಳದೆ ಕಾಫಿ ಕುಡಿಸಿದ ಬ್ರೆಜಿಲ್ ಗೆಳೆಯನಿಗೂ ಥ್ಯಾಂಕ್ಸ್. ಇವರಲ್ಲಿ ಯಾರೂ ಇದನ್ನು ಓದಲ್ಲ, ಗೊತ್ತು.

ಅದಕ್ಕೇ ಅಜ್ಜಿಗೆ ಮಾತ್ರ ಜಪಾನೀಸ್‌ನಲ್ಲಿ ಅರ್ಧ ಪುಟ ಬರೆದು ಅವರ ಅಂಚೆ ಡಬ್ಬಿಗೆ ಹಾಕಿದೆ. ಮಾರನೇ ದಿನ ಅದೇ ಹಾಳೆ ನನ್ನ ಡಬ್ಬಿಯಲ್ಲಿತ್ತು. ಎರಡು ಕಡೆ ಪೆನ್ಸಿಲ್‌ನಲ್ಲಿ ತಪ್ಪು ತಿದ್ದಿದ್ದರು, ಜೊತೆಗೆ ಮೂರು ಕಿತ್ತಳೆ.